ಜಾಲರಿಯ ಕೆಳಗೆ ಬಿದ್ದದ್ದು

ಬಸ್ಸು ಬಿಟ್ಟಿ.
ಅರಕಲಗೂಡಿನಿಂದ ಹಾಸನಕ್ಕೆ ಸೊನ್ನೆ ರೂಪಾಯಿ ಎಂದು
ಕಂಡಕ್ಟರು ಹರಿದುಕೊಟ್ಟ ಚೀಟಿ
ಸಿಂಚನಳ ನೋಟ್ಸಿನಲ್ಲಿ ಪುಟದ ಗುರುತು.
ಆರೂವರೆಗೆ ಮನೆ ಬಿಟ್ಟವಳು
ಹನ್ನೊಂದರ ಪೀರಿಯಡ್ಡಿನಲ್ಲಿ
ಬೋರ್ಡಿನ ಮೇಲಿನ ಬೆಂಜೀನ್ ಉಂಗುರ ನೋಡಿ
ಕೋಡುಬಳೆ ಅಂದಳು. ನಾವೆಲ್ಲ ನಕ್ಕೆವು.
ಆಮೇಲೆ ತಿಳಿಯಿತು, ಅದು ತಮಾಷೆಯಲ್ಲ.

ಕ್ಯಾಂಟೀನಿನಲ್ಲಿ ಫ್ರೈಡ್ ರೈಸು ಅರವತ್ತು.
ಗಾಜಿನ ಪೆಟ್ಟಿಗೆಯೊಳಗೆ ನಿನ್ನೆಯ ಪಪ್ಸು,
ಅದಕ್ಕೂ ದೀಪ ಹಾಕಿದ್ದಾರೆ.
ವಿದ್ಯಾರ್ಥಿವೇತನ ಪರಿಶೀಲನೆಯಲ್ಲಿದೆ;
ಹೊಟ್ಟೆಗೆ ಆ ಪದ ಓದಲು ಬರುವುದಿಲ್ಲ.

ನಾನು ಹಮಾಲಿಯ ಮಗಳು.
ಮಂಡಿಯ ಜಾಲರಿಯ ಮೇಲೆ ಆಲೂಗಡ್ಡೆ ಉರುಳುವ
ಸದ್ದಿನಲ್ಲೇ ಮಗ್ಗಿ ಕಲಿತವಳು.
ದಪ್ಪನೆಯವು ಲಾರಿ ಹತ್ತಿ ಕೇರಳಕ್ಕೆ,
ನಡುವಿನವು ಸಂತೆಗೆ,
ಜಾಲರಿಯ ಕಣ್ಣು ತೂರಿ ಬಿದ್ದ ಗೋಲಿಗಾತ್ರದವು
ಯಾರಿಗೂ ಅಲ್ಲ, ಸಂಜೆ ಹಸು ಬಂದರೆ ಹಸುವಿಗೆ.
"ಮೂಟೆಗೆ ಎಷ್ಟಪ್ಪ ಅವು?" ಅಂದೆ.
ಅಪ್ಪ ಹೆಗಲ ಟವೆಲು ಕೊಡವಿ
"ಅದಕ್ಕೂ ಒಂದು ರೇಟೇನೇ?" ಅಂದ.

ಕುಲಸಚಿವರಿಗೆ ಅರ್ಜಿ ಕೊಟ್ಟೆವು.
ಟೆಂಡರು ನಿಯಮ ಏಳು, ಉಪನಿಯಮ ಬಿ...
ಉತ್ತರ ಬರುವಷ್ಟರಲ್ಲಿ
ಮೊದಲ ಮೂಟೆಗೆ ಮೊಳಕೆ ಬಂದಿತ್ತು.
ಬಾಟನಿ ಲ್ಯಾಬಿನ ಜವರಯ್ಯ ಅವನ್ನು ಒಯ್ದು
ಫಿಲ್ಟರಿನ ಕೊಳಾಯಿ ಸೋರುವಲ್ಲಿ ನೆಟ್ಟ,
ಪಕ್ಕದಲ್ಲಿ ದಂಟು, ಕೀರೆ,
ಯಾರನ್ನೂ ಕೇಳದೆ.

ಕೊನೆಗೆ ಸೈಕಲ್ ಸ್ಟ್ಯಾಂಡಿನ ಹಿಂದೆ
ಹಾಸ್ಟೆಲಿನ ಅಡುಗೆಯ ಚಿಕ್ಕತಾಯಮ್ಮ
ಮೂರು ಕಲ್ಲು ಹೂಡಿದಳು.
ಸಿಪ್ಪೆ ಸಮೇತ ಬೇಯಿಸಿ, ಹುಚ್ಚೆಳ್ಳು ಪುಡಿ ಉದುರಿಸಿ,
ರಾಗಿರೊಟ್ಟಿಯ ಜೊತೆ ಮುತ್ತುಗದ ಎಲೆಯಲ್ಲಿ
ಹತ್ತು ರೂಪಾಯಿ.
ಡಬ್ಬಿ ಆಚೆ ಇಟ್ಟು, ಬೆನ್ನು ತಿರುಗಿಸಿ ಕೂತಳು:
"ಹಾಕಿದ್ದು ಕೇಳಬಾರದು, ಹಾಕದ್ದು ನೋಡಬಾರದು."

ಸಂಜೆಯ ಲೆಕ್ಕ ನನ್ನದು.
ಒಂದು ದಿನ ಹದಿನೇಳು ಕಡಿಮೆ, ಒಂದು ದಿನ ನಾಲ್ಕು ಹೆಚ್ಚು.
ಒಮ್ಮೆ ನಾಣ್ಯಗಳ ನಡುವೆ ಮಡಿಸಿದ ಸೊನ್ನೆ ಟಿಕೆಟ್ಟು,
ಹಿಂದೆ ಪೆನ್ಸಿಲಿನಲ್ಲಿ: ಸೋಮವಾರ ಕೊಡ್ತೀನಿ.
ಹೆಸರಿಲ್ಲ. ಅಕ್ಷರದ ಗುರುತು ಸಿಕ್ಕಿತು.
ಅದನ್ನು ಜಮೆಗೆ ಬರೆಯಬೇಕೋ ಬಾಕಿಗೋ
ಇವತ್ತಿಗೂ ಗೊತ್ತಿಲ್ಲ ನನಗೆ.

ಮೊನ್ನೆ ಅಪ್ಪನೇ ಮೂಟೆ ಹೊತ್ತು ಬಂದ.
ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು;
ಚಪ್ಪಲಿ ಬಿಡಲೇ ಎಂಬಂತೆ ನಿಂತ.
ಚಿಕ್ಕತಾಯಮ್ಮ ಎಲೆ ಹಾಕಿದಳು.
ಒಂದನ್ನೆತ್ತಿ, ಊದಿ, ಬೆರಳಲ್ಲಿ ಉರುಳಿಸಿ ನೋಡಿದ,
ಇಪ್ಪತ್ತಾರು ವರ್ಷ ಬೆನ್ನಿನ ಮೇಲಿದ್ದದ್ದು
ಈಗ ಎದುರಿಗೆ ಸಿಕ್ಕಿದಂತೆ.
ತಿಂದು, ಕೈ ತೊಳೆದು,
ಬೇಡವೆಂದರೂ ಡಬ್ಬಿಗೆ ಹತ್ತು ರೂಪಾಯಿ ಹಾಕಿ
"ಕಾರ್ತೀಕ ಕಳೆದರೆ ಇವು ಮುಗೀತವೆ" ಅಂದ,
"ಆಮೇಲೇನು ಮಾಡ್ತೀರಿ?"

ಜವರಯ್ಯ ಪಾತಿಯ ಕಡೆ ನೋಡಿದ.
ಐದೂಕಾಲಿನ ಬಸ್ಸಿಗೆ ಎದ್ದ ಸಿಂಚನ
ಬಾಯಿ ತುಂಬಿಕೊಂಡೇ ಅಂದಳು:
ಅವರೆಕಾಯಿ.