ಮೂರು ಕೋಲು

ಸುರಂಗ ತೋಡುವವನಿಗೆ ಗುಡ್ಡದ ಹೊಟ್ಟೆಯ ಗುಟ್ಟು ಗೊತ್ತು.
ಕುಕ್ಕರಗಾಲಲ್ಲಿ ಕೂತು ಗೇಣು ಗೇಣು ಕೊರೆದು
ತಟ್ಟಿ, ಕಿವಿಯಿಟ್ಟರೆ
ಒಣಗೋಡೆ ಕೆಮ್ಮುತ್ತದೆ.
ನೀರಿರುವ ಗೋಡೆ, ಮಾತು ನುಂಗಿಕೊಂಡವರ ಹಾಗೆ,
ಸುಮ್ಮನಿರುತ್ತದೆ.

ಬೇಳದ ಸುತ್ತ ನಾನು ಕೊರೆದವು ಮೂವತ್ತೊಂದು.
ಮೂವತ್ತರಲ್ಲಿ ನೀರು.
ಒಂದರಲ್ಲಿ ಬಂಡೆ ಎಂದು ಹೇಳಿದೆ.

ಬಂಡೆ ಇರಲಿಲ್ಲ.

ಪಾವ್ಲಿನ್ ಬಾಯಿಯ ಪಡ್ಪಿನಲ್ಲಿ, ನಲವತ್ತೆರಡನೇ ಕೋಲಿಗೆ
ಮಣ್ಣು ತಣ್ಣಗಾಗಿ ಅಂಗೈಗೆ ಅಂಟಿತ್ತು.
ಇನ್ನು ಮೂರೇ ಕೋಲು.
ಆ ರಾತ್ರಿ ಕೆಳಮನೆಯ ಸಾಹುಕಾರ ಕರೆಸಿಕೊಂಡ;
ಮೇಲೆ ನೀರೆದ್ದರೆ ತನ್ನ ಸುರಂಗ ಬತ್ತೀತೆಂದು
ಪೇಪರಿನಲ್ಲಿ ಸುತ್ತಿ ನಾಲ್ಕು ಸಾವಿರ ಕೊಟ್ಟ.
ಬೆಳಿಗ್ಗೆ ನಾನೇ ಕೆಸರು ಕಲಸಿ ಕೊನೆಯ ಗೋಡೆ ಮೆತ್ತಿದೆ.
ಆ ದುಡ್ಡಿಗೆ ಮನೆಗೆ ಹಂಚು ಬಂತು.
ಹನ್ನೊಂದು ಮಳೆಗಾಲ, ಮಾಡು ಒಂದು ಹನಿ ಸೋರಲಿಲ್ಲ.
ನಿದ್ದೆಯೊಳಗೆ ಮಾತ್ರ ಎಲ್ಲೋ ತೊಟ್ಟಿಕ್ಕುವ ಸದ್ದು.

ಪ್ರತಿ ತಪಸ್ಸುಕಾಲಕ್ಕೆ ಮೊಣಕಾಲೂರಿದೆ.
ಕಳ್ಳು ಕುಡಿದದ್ದು ಹೇಳಿದೆ,
ತಮ್ಮನ ಜೊತೆ ಗಡಿಕಲ್ಲಿನ ಜಗಳ,
ಪೂಜೆ ತಪ್ಪಿಸಿ ಕೋಳಿಅಂಕಕ್ಕೆ ಹೋದದ್ದು.
ಬುಟ್ಟಿ ಬುಟ್ಟಿ ಸಣ್ಣ ಪಾಪ ಹೊರಗೆ ಸಾಗಿಸಿದೆ
ಒಳಗೋಡೆಗೆ ತಾಗದ ಹಾಗೆ.
ಮೂರು ನಮೋ ಮರಿಯ ಹೇಳು ಅಂದರು ಗುರುಗಳು.
ಹೇಳಿದೆ.

ದೇವರು ಸಿಡಿಲಾಗಿ ಬರುತ್ತಾನೆಂದು ಕಾದಿದ್ದೆ.
ಕೈ ಬಿದ್ದುಹೋದೀತು, ಗುಡ್ಡ ಜರಿದೀತು,
ಮಗಳಿಗೆ ಏನಾದರೂ ಆದೀತು.
ಆಗಲಿಲ್ಲ.
ನನ್ನ ಕಸುಬೇ ಅವನದೂ ಎಂಬಂತೆ
ನನ್ನೊಳಗೆ ಕುಕ್ಕರಗಾಲಲ್ಲಿ ಕೂತು ಕೊರೆಯುತ್ತಿದ್ದ,
ಆಗಾಗ ನಿಲ್ಲಿಸಿ, ತಟ್ಟಿ, ಕಿವಿಯಿಡುತ್ತಿದ್ದ.
ನೋಯುತ್ತಿತ್ತು.
ಬೇಡದ ಗುಡ್ಡಕ್ಕೆ ಯಾರು ಪಿಕ್ಕಾಸು ಹಚ್ಚುತ್ತಾರೆ?

ಈ ಎಪ್ರಿಲಿನಲ್ಲಿ, ನೀರ್ಚಾಲಿನಿಂದ ನಡೆದು ಬರುವಾಗ
ಏರಿನಲ್ಲಿ ತಲೆಸುತ್ತಿ ಕೂತುಬಿಟ್ಟೆ.
ಮೇಲೆ ನೆರಳು ಬಿತ್ತು. ಪಾವ್ಲಿನ್ ಬಾಯಿ.
ತಲೆಯಲ್ಲೊಂದು ಕೊಡ, ಸೊಂಟದಲ್ಲೊಂದು.
ಅರ್ಧ ಮೈಲಿ ಹೊತ್ತ ನೀರು ನೆತ್ತಿಗೆ ಸುರಿದಳು,
ಬೊಗಸೆಗೆ ಸುರಿದಳು,
ಬರಿದಾದ ಕೊಡದ ಕಡೆ ನೋಡಲೂ ಇಲ್ಲ.
"ಇನ್ನೊಮ್ಮೆ ಹೋಗಿ ಬಂದರಾಯ್ತು ಲಿಗೋರಿ, ನೀನು ಕುಡಿ."

ಅಲ್ಲೇ ಬಿರುಕು ಬಿಟ್ಟಿತು ಕೆಸರಿನ ಗೋಡೆ.

ಜಾಲರಿಯಾಚೆ ಬಹಳ ಹೊತ್ತು ಉಸಿರು ಮಾತ್ರ.
"ಈ ಸಲ ನಮೋ ಮರಿಯ ಸಾಲದು" ಅಂದರು ಗುರುಗಳು.
"ಮೊದಲು ಅವಳ ಹತ್ತಿರ ಹೋಗು.
ಆಮೇಲೆ ಆ ಮೂರು ಕೋಲು."

ಜಗಲಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು.
ಹೇಳಿದೆ. ಕತ್ತಿ ನಿಂತಿತು.
"ದಿನಕ್ಕೆ ಆರು ಕೊಡ," ಅಂದಳು. "ಹನ್ನೊಂದು ವರ್ಷ.
ಲೆಕ್ಕ ನೀನೇ ಹಾಕು."
ಕ್ಷಮಿಸಿದೆ ಅನ್ನಲಿಲ್ಲ.
ಮೀನಿನ ತಲೆಗಳನ್ನು ಬೆಕ್ಕಿಗೆ ಎಸೆದು ಒಳಗೆ ಹೋದಳು.

ಮರುದಿನ ಹೋದರೆ
ಸುರಂಗದ ಬಾಯಿಯ ಮುಳ್ಳು ಯಾರೋ ಕಡಿದಿದ್ದರು.
ಬುಟ್ಟಿ, ಹಗ್ಗ ಅಲ್ಲೇ ಇತ್ತು.

ಅರವತ್ತೆರಡರ ಮೊಣಕಾಲಲ್ಲಿ ತೆವಳಿದೆ.
ಮೋಂಬತ್ತಿಯ ಬೆಳಕಿಗೆ ಮೆತ್ತಿದ ಗೋಡೆ ಕಂಡಿತು,
ಅದರ ಮೇಲೆ ನನ್ನ ಹತ್ತು ಬೆರಳು,
ನಿನ್ನೆ ಒತ್ತಿದ ಹಾಗೆ.
ಒಂದೇ ಏಟಿಗೆ ಬಿತ್ತು.
ಅದರಾಚೆಯದು ಸುಲಭವಲ್ಲ.

ನಾನು ತುಂಬಿದ ಬುಟ್ಟಿಯನ್ನು ಹೊರಗಿನಿಂದ ಅವಳು ಎಳೆಯುತ್ತಾಳೆ.
ಮಾತಿಲ್ಲ. ಹಗ್ಗ ಬಿಗಿಯುತ್ತದೆ, ಸಡಿಲುತ್ತದೆ.
ಮೂರು ದಿನ ಹೀಗೇ.

ನಾಲ್ಕನೇ ದಿನ ತಟ್ಟಿದೆ. ಕಿವಿಯಿಟ್ಟೆ.
ಗೋಡೆ ಸುಮ್ಮನಿತ್ತು.
ಮೋಂಬತ್ತಿಯ ಕುಡಿ ಸಣ್ಣಗಾಗಿ ಬಾಗಿತು,
ನಾನು ಅದನ್ನೇ ನೋಡುತ್ತ ಕೂತಿದ್ದಾಗ
ದೂರದ ಬೆಳಕಿನ ತೂತಿನಿಂದ ಅವಳ ದನಿ:

"ಲಿಗೋರಿ, ಒಳಗೆ ಗಾಳಿ ಉಂಟಾ?"