ಏಳನೆಯ ಕ್ಲೈಮು

ಮೊದಲ ಕ್ಲೈಮನ್ನು ಮಂಗಳವಾರವೇ ಹೊಡೆದುಹಾಕಿದೆ.
ಒಂದೇ ಜಾಲ, ಹಲವು ಹೋಳು:
ಆಂಬುಲೆನ್ಸಿಗೊಂದು, ಕ್ರೇನಿಗೊಂದು,
ರೀಲ್ಸ್ ನೋಡುವ ಊರಿಗೆಲ್ಲ ಸೇರಿ ಒಂದು;
ಕೊಯ್ದರೂ ಇಡಿಯಾಗಿಯೇ ಉಳಿಯುವ ಕಲ್ಲಂಗಡಿ.
ಇವರಿಗಿಂತ ಮೊದಲೇ ಮೂವರು ಹೇಳಿಯಾಗಿದೆ,
ಒಬ್ಬ ಚಿತ್ರ ಸಮೇತ.

ಏಳನೆಯದು ಮಾತ್ರ ಜಗ್ಗುತ್ತಿಲ್ಲ.
ಸದರಿ ಫೋನು, ಸುಮ್ಮನಿರುವಾಗಲೂ
ನೆರೆಯ ಗೋಪುರಗಳಿಗೆ ಕಿವಿಗೊಟ್ಟು,
ಎರಡರ ನಡುವೆ ಚೆಂಡಿನಂತೆ ಹಾರಾಡದೆ ಕ್ಷಣ ಕಾದು,
ಬಲವಾಗಿದೆ ಎಂಬ ಕಾರಣಕ್ಕೇ ಬಲವಾದದ್ದಕ್ಕೆ ಒಲಿಯದೆ,
ತನ್ನ ಹೋಳು ಅಲ್ಲಿದೆಯೇ ಎಂದು ನೋಡಿ,
ಇಲ್ಲವಾದರೆ ಕ್ಷೀಣವಾದುದರಲ್ಲೇ ತಂಗತಕ್ಕದ್ದು.
ತಂಗತಕ್ಕದ್ದು!
ಹದಿನೆಂಟು ಪುಟದಲ್ಲಿ ಇದೊಂದು ಪದಕ್ಕೆ
ಪೆನ್ಸಿಲ್ ಕೆಳಗಿಟ್ಟೆ.

ನಮ್ಮ ಕಾನೂನಿನಲ್ಲಿ ಒಬ್ಬನಿದ್ದಾನೆ,
ಹೆಸರಿಲ್ಲ, ಕಸುಬು ಬಲ್ಲವನು ಅನ್ನುತ್ತೇವೆ.
ಪ್ರಕಟವಾದದ್ದನ್ನೆಲ್ಲ ಓದಿದ್ದಾನೆ, ಕೊರಿಯನ್ನಿನಲ್ಲೂ;
ಹೊಸದೊಂದನ್ನು ಯೋಚಿಸಲಾರ.
ಅವನಿಗೂ ಹೊಳೆಯುವಂಥದ್ದಾದರೆ ಅರ್ಜಿ ವಜಾ.
ರಿಯಾದಿನ ಈ ಆರನೇ ಮಹಡಿಯಲ್ಲಿ, ಎಸಿಯ ಕೆಳಗೆ,
ಒಂಬತ್ತು ವರ್ಷದಿಂದ ನನ್ನೆದುರು ಕೂತಿದ್ದಾನೆ.
ಸುಲೈಮಾನಿ ಕುಡಿಯುವುದಿಲ್ಲ, ಇಕಾಮಾ ಇಲ್ಲ.
ಏಳನೆಯದನ್ನು ಓದಿ ಹೇಳಿದೆ.
ತಲೆಯಾಡಿಸಿದ: ನನಗೆ ಹೊಳೆಯುತ್ತಿರಲಿಲ್ಲ.

ನೀರಿನ ಟ್ಯಾಂಕರಿನ ಪೊಡಿಯಬ್ಬನವರಿಗೆ ಹೊಳೆದಿತ್ತು.
ನಮ್ಮ ಕಟ್ಟಡದ ತೊಟ್ಟಿಗೆ ಪೈಪು ಬಿಟ್ಟು
ನೆರಳಲ್ಲಿ ಕೂತು ಹೇಳಿದ್ದರು, ವಿಟ್ಲದ ಕನ್ನಡದಲ್ಲಿ:
"ಖುರೈಸ್ ದಾರಿಯಲ್ಲಿ ಒಂದು ದಿಬ್ಬ ಉಂಟು ಮೇಡಂ.
ಮೇಲೆ ಹೋದ್ರೆ ನಾಲ್ಕೂ ಗೆರೆ, ಫುಲ್ಲು.
ಆದ್ರೆ ಮುಖ ಕಾಣುದಿಲ್ಲ, ಅದು ಎಣ್ಣೆ ಕಂಪೆನಿಯವರ ಪಾಲು.
ಕೆಳಗೆ ಒಂದೂವರೆ ಗೆರೆ.
ಅಲ್ಲಿ ಮೊಮ್ಮಗಳು ಸಿಗ್ತಾಳೆ."
ಗುರುತಿಗೆ ಅಲ್ಲೊಂದು ಡ್ರಮ್ಮು ನಿಲ್ಲಿಸಿ
ಕೆಂಪು ಬಣ್ಣದಲ್ಲಿ ಬರೆದಿದ್ದಾರಂತೆ,
ತಾರೀಕೂ ಹಾಕಿದ್ದಾರಂತೆ.

ತಾರೀಕು! ಪರೀಕ್ಷಕಿಗೆ ಇನ್ನೇನು ಬೇಕು.
ಯಾರು ಬೇಕಾದರೂ ಓದಬಹುದಾದ ರಸ್ತೆ ಬದಿಯ ಬರಹ;
ಅರ್ಜಿಗಿಂತ ಒಂದೇ ದಿನ ಹಿಂದಿನದಾದರೂ ಸಾಕು.

ಶುಕ್ರವಾರ ಸಹೋದ್ಯೋಗಿ ಮುತ್ಲಕ್ ಸಂಸಾರ ಸಮೇತ
ಮರಳಿಗೆ ಹೊರಟಿದ್ದ. ಹಿಂದಿನ ಸೀಟಿನಲ್ಲಿ
ಅವನ ಮೂರು ಮಕ್ಕಳು, ಗಹ್ವಾದ ಫ್ಲಾಸ್ಕು, ನಾನು.
ಅವನ ಹೆಂಡತಿ ತಿರುಗಿ ಕೇಳಿದಳು: ಡ್ರಮ್ಮು ನೋಡಲಿಕ್ಕೆ?
ಹೌದು, ಡ್ರಮ್ಮು ನೋಡಲಿಕ್ಕೆ.

ಇತ್ತು. ಅರ್ಧ ಹೂತು, ಒಂದು ಕಡೆಗೆ ವಾಲಿ.
"ಇಲ್ಲಿ ನಿಲ್ಲು" ಎಂದು ಕನ್ನಡದಲ್ಲಿ;
ಸುತ್ತ ಬೇರೆ ಬೇರೆ ಕೈಗಳ ಉರ್ದು, ಬಂಗಾಳಿ, ಮಲಯಾಳ.
ನೆಲದಲ್ಲಿ ಟೈರುಗಳ ಗುರುತು, ಒಂದರ ಮೇಲೊಂದು.
ಮರಳು ತೋಡಿದೆ, ಮಕ್ಕಳೂ ತೋಡಿದರು.
ತಾರೀಕು ಸಿಕ್ಕಿತು: ಹನ್ನೆರಡು, ರಜಬ್.
ವರ್ಷದ ಜಾಗದಲ್ಲಿ ಗಾಳಿ ಉಜ್ಜಿ ಬೆಳ್ಳಗಾದ ತಗಡು.
ರಜಬ್ ವರ್ಷವರ್ಷವೂ ಬರುತ್ತದೆ,
ಚಳಿಯಲ್ಲೂ ಸೆಕೆಯಲ್ಲೂ.

ದಿಬ್ಬದ ಮೇಲೊಮ್ಮೆ ಕೆಳಗೊಮ್ಮೆ ಫೋನು ಹಿಡಿದೆ.
ನನ್ನದು ಕಚೇರಿಯ ಪ್ಲಾನು,
ಎರಡೂ ಕಡೆ ಸಿಗುತ್ತಿತ್ತು.

ಭಾನುವಾರ ವರದಿ ಬರೆದೆ.
ಒಂದರಿಂದ ಆರು: ಹೊಸತಲ್ಲ.
ಏಳು: ಪೂರ್ವದಾಖಲೆ ಸಿಗಲಿಲ್ಲ.
ಸುಳ್ಳಲ್ಲ. ಸಿಕ್ಕಿದ್ದು ದಾಖಲೆಯಾಗಿರಲಿಲ್ಲ.
ಎದುರಿನವನು ಏನೂ ಅನ್ನಲಿಲ್ಲ.

ಮುಂದಿನ ನೀರಿಗೆ ಪೊಡಿಯಬ್ಬ ಬಂದಾಗ ಹೇಳಿದೆ,
ನಿಮ್ಮ ದಿಬ್ಬದ ಲೆಕ್ಕವನ್ನು
ಬೇರೆಯವರ ಹೆಸರಿಗೆ ಬರೆದುಕೊಟ್ಟೆನೆಂದು.
ಪೈಪಿನ ಮೂತಿ ಬಿಗಿದು, ತಿರುಗಿ ನಿಂತರು.
"ಕೊಟ್ಟ ಮೇಲೂ ಆ ಜಾಗದಲ್ಲಿ ಸಿಗ್ತದಲ್ವಾ?"
ಸಿಗುತ್ತದೆ ಅಂದೆ.
"ಮತ್ತೆ ಕೊಡಿ ಮಾರಾಯ್ರೆ, ನನಗೆಂತ."

ತೊಟ್ಟಿಯಲ್ಲಿ ನೀರಿನ ಸದ್ದು ಮೇಲೇರುವುದನ್ನು ಕೇಳುತ್ತ
ಇಬ್ಬರೂ ನಿಂತೆವು.
ತುಂಬಿತೇನೋ ಎಂದು ನನಗೆ ಅನ್ನಿಸುವ ಮೊದಲೇ
ಅವರ ಕೈ ವಾಲ್ವಿನ ಮೇಲಿತ್ತು.