ಜಾಗ ಬದಲು

ಸುಂಟಿಕೊಪ್ಪದಲ್ಲಿ ಇಳಿಜಾರು ಬಿಟ್ಟರೆ
ಬೇರೆಲ್ಲೂ ನಿಲ್ಲಿಸುತ್ತಿರಲಿಲ್ಲ ಬೆಳ್ಯಪ್ಪ,
ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು.
ಬೆಳಿಗ್ಗೆ ಕಲ್ಲು ತೆಗೆದರೆ ಲಾರಿ ತಾನೇ ಉರುಳಿ
ಎರಡನೇ ಗೇರಿನಲ್ಲಿ ಕೆಮ್ಮಿ ಏಳುತ್ತಿತ್ತು.

ನಿನ್ನೆ ಕಾಫಿ ಮೂಟೆ ಇಳಿಸಿ ನೇರ ನನ್ನ ಶೆಡ್ಡಿಗೆ ಬಂದ.
"ಮೊಯ್ದು, ಬ್ಯಾಟರಿ ಎತ್ತಿ ಬೇರೆಲ್ಲಾದರೂ ಕೂರಿಸು.
ಹತ್ತು ಪ್ಯಾಂಟು ತೂತಾಯ್ತು."

ಸೀಟೆತ್ತಿದೆ.
ತಗಡು ಹಪ್ಪಳ. ಟರ್ಮಿನಲ್ಲಿಗೆ ಹಸಿರು ಬೂಷ್ಟು.
ಆಸಿಡ್ಡು ತಿಂದುಬಿಟ್ಟ ಕಡೆ
ನೆಲ ಕಾಣುತ್ತಿತ್ತು, ನನ್ನದೇ ಚಪ್ಪಲಿ ಕಾಣುತ್ತಿತ್ತು.
ಮೂಲೆಯಲ್ಲಿ ಗೋಲಿಯಷ್ಟಾಗಿ ಒಣಗಿದ ಕಿತ್ತಳೆ,
ಒಂದು ನಾಲ್ಕಾಣೆ.

ಮೊದಲು ನೆಗೆಟಿವ್ ಬಿಚ್ಚೋ ಎಂದೆ ಹುಡುಗನಿಗೆ.
ಬಿಚ್ಚಿದ್ದು ಇನ್ನೊಂದನ್ನು. ಸ್ಪ್ಯಾನರ್ ಕಿಡಿ ಉಗುಳಿತು.
ಇನ್ನು ಜನ್ಮದಲ್ಲಿ ಮರೆಯಲಾರ.

ಕ್ಯಾಬಿನ್ನಿನ ಹಿಂದೆ, ಚಾಸಿಸ್ಸಿನ ಪಕ್ಕೆಗೆ
ಆಂಗಲ್ಲಿನ ತೊಟ್ಟಿಲು.
ಬೆಸುಗೆ ಹಾಕಲಿಲ್ಲ, ಹಳೆಯ ಎಲುಬಿಗೆ ಬೆಂಕಿ ತೋರಿಸಬಾರದು;
ಬೋಲ್ಟು ಸಾಕು.
ಅಡಿಗೆ ಟೈರಿನ ತುಂಡು, ಮೇಲೊಂದು ಅಡ್ಡಪಟ್ಟಿ.
ಹಿಡಿದು ಜಗ್ಗಿದೆ: ಲಾರಿ ಅಲುಗಿತು, ಬ್ಯಾಟರಿ ಅಲುಗಲಿಲ್ಲ.
ದೂರ ಹೆಚ್ಚಿದ್ದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ಲು.
ಅರ್ತ್ ಕೂರುವಲ್ಲಿ ಬಣ್ಣ ಕೆರೆದೆ,
ಬರೀ ಕಬ್ಬಿಣ ಸಿಗುವ ತನಕ.

ಕೀ ತಿರುಗಿಸಿದ. ಒಂದೇ ಏಟಿಗೆ.
ಬೆಳ್ಯಪ್ಪ ಯಾಕೋ ಪೆಚ್ಚಾದ.
ಸೀಟಿನ ಮೇಲೆ ಕೂತು, ಎದ್ದು, ಮತ್ತೆ ಕೂತು
"ಕೆಳಗೆ ಏನೂ ಇಲ್ಲವಲ್ಲೋ" ಎಂದ.
"ಊಟದ ಡಬ್ಬಿ ಇಡು."
ನಕ್ಕ. ಕೊಟ್ಟ ನೋಟಿನ ಮೇಲೆ
ಆ ನಾಲ್ಕಾಣೆಯನ್ನೂ ಇಟ್ಟ.

ಇವತ್ತು ಬೆಳಿಗ್ಗೆ ಬಸ್ಸಿಳಿದವನಿಗೆ ಕಂಡಿತು:
ಅದೇ ಇಳಿಜಾರು, ಲಾರಿ,
ಮುಂದಿನ ಚಕ್ರಕ್ಕೆ
ಅದೇ ಕಲ್ಲು.